ಗಾಸ್ಪೆಲ್ ಹಾಡಿನ ಮಟ್ಟು ರಿದಮ್ ಅಂಡ್ ಬ್ಲೂಸ್ ಸೇರಿದ ದಾರಿಯನ್ನು ಕಿವಿಯಿಂದಲೇ ಹಿಡಿಯುವ ಕ್ರಮ

ರಾಯಚೂರು, ಕೊಪ್ಪಳದ ಕಡೆ ಭಜನಾ ಮಂಡಳಿಯಲ್ಲಿ ಕೂತು ಹಾಡಿದವರಿಗೆ ‘ಮಟ್ಟು’ ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೊತ್ತಿರುವ ಹಾಡೊಂದರ ಧಾಟಿಯನ್ನು ಹಾಗೆಯೇ ಇಟ್ಟುಕೊಂಡು ಅದರ ಮೇಲೆ ಬೇರೆ ಮಾತು ಕೂರಿಸುವುದು ಇಲ್ಲಿ ದಿನನಿತ್ಯದ ಕೆಲಸ. ನಾಟಕ ಕಂಪನಿಯ ಹಾಡಿನ ಮಟ್ಟಿನಲ್ಲಿ ದೇವರ ನಾಮ, ಸಿನಿಮಾ ಹಾಡಿನ ಮಟ್ಟಿನಲ್ಲಿ ಜಾತ್ರೆಯ ಭಜನೆ, ತತ್ವಪದದ ಮಟ್ಟಿನಲ್ಲಿ ಮೊಹರಂ ಪದ ಹೀಗೆ ಧಾಟಿಗಳು ಊರಿನಿಂದ ಊರಿಗೆ, ಗುಡಿಯಿಂದ ರಂಗಕ್ಕೆ ಓಡಾಡಿಕೊಂಡಿರುತ್ತವೆ. ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಹಾಡುತ್ತಿದ್ದ, ಸಾಂಪ್ರದಾಯಿಕವೆಂದು ಕರೆಯುವ ಗಾಸ್ಪೆಲ್ ಎಂಬ ದೇವರ ಹಾಡುಗಳು 1950ರ ದಶಕದಲ್ಲಿ ರಿದಮ್ ಅಂಡ್ ಬ್ಲೂಸ್ ಎಂಬ ಲೌಕಿಕ ಹಾಡುಗಳ ಹೆಸರಿನಲ್ಲಿ ಊರೂರು ಹರಡಿದ ಬಗೆಯನ್ನು ಅರಿಯಲು ಈ ಒಂದು ಮಾತು ಗೊತ್ತಿದ್ದರೆ ಅರ್ಧ ದಾರಿ ಸವೆದಂತೆ. ಉಳಿದ ಅರ್ಧ ದಾರಿ ಕೇಳುವ ಕ್ರಮದಲ್ಲಿದೆ. ಈ ಬರಹದ ಉದ್ದೇಶ ಆ ಕ್ರಮವನ್ನು ಹೇಳಿಕೊಡುವುದು.

ಮೊದಲು ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ನಮ್ಮ ಓಣಿಯ ಮಂಡಳಿಯ ಏಳೆಂಟು ಜನರನ್ನು ಒಂದು ಸಂಜೆ ಮಾಳಿಗೆಯ ಮೇಲೆ ಕೂರಿಸಿಕೊಂಡು, ಗುಲಾಮಗಿರಿಯ ಕಾಲದ ಹೊಲದ ಹಾಡುಗಳಿಂದ ಆರಂಭಿಸಿ ವರ್ಷವಾರು ಇತಿಹಾಸ ಹೇಳಲು ಹೋದೆ. ನಾನು 1930ಕ್ಕೆ ಬರುವಷ್ಟರಲ್ಲಿ ಅರ್ಧ ಜನ ಒಗ್ಗರಣೆ, ಮಿರ್ಚಿ ತಿನ್ನಲು ಕೆಳಗಿಳಿದಿದ್ದರು. ಉಳಿದವರು ನನ್ನ ಮರ್ಯಾದೆಗೆ ಕೂತಿದ್ದರು. ಮುಂದಿನ ವಾರ ಇತಿಹಾಸವನ್ನು ಬದಿಗಿಟ್ಟು, ಒಂದೇ ಮಟ್ಟಿನ ಎರಡು ಹಾಡುಗಳನ್ನು ಒಂದರ ಹಿಂದೊಂದು ಹಾಕಿದೆ, ಬೇರೇನೂ ಹೇಳಲಿಲ್ಲ. ಎರಡನೆಯ ಹಾಡಿನ ಮೂರನೆಯ ಸಾಲಿಗೆ ಢೋಲಕ್ ನುಡಿಸುವ ಹುಡುಗ ತಲೆಯೆತ್ತಿ ನೋಡಿ, ‘ಇದು ಅದೇ ಅಲ್ರೀ’ ಎಂದ. ಆದ್ದರಿಂದ ಜೋಡಿಯಿಂದಲೇ ಆರಂಭಿಸಬೇಕು, ಇತಿಹಾಸ ಅದರ ಹಿಂದೆ ತಾನಾಗಿಯೇ ಬರುತ್ತದೆ.

ಸಿದ್ಧತೆ ಹೆಚ್ಚೇನೂ ಬೇಡ. ಒಂದು ಮೊಬೈಲು, ತಕ್ಕಮಟ್ಟಿನ ಸ್ಪೀಕರು, ಒಂದು ಹಾರ್ಮೋನಿಯಂ, ಢೋಲಕ್ ಮತ್ತು ತಾಳವಿದ್ದರೆ ಸಾಕು. ಆದರೆ ಹಾಡುಗಳನ್ನು ಹುಡುಕುವಾಗ ಒಂದು ಎಚ್ಚರ ಅಗತ್ಯ: ಈ ಗಾಯಕರಲ್ಲಿ ಅನೇಕರು ತಮ್ಮ ಹಳೆಯ ಹಾಡುಗಳನ್ನು ಹತ್ತಿಪ್ಪತ್ತು ವರ್ಷಗಳ ನಂತರ ಮತ್ತೆ ಹಾಡಿದ್ದಾರೆ, ಅಂತರ್ಜಾಲದಲ್ಲಿ ಮೊದಲು ಸಿಗುವುದು ಕೆಲವೊಮ್ಮೆ ಆ ನಂತರದ ಧ್ವನಿಮುದ್ರಣವೇ ಆಗಿರುತ್ತದೆ. ಅದರಲ್ಲಿ ವಾದ್ಯಗಳು ಬೇರೆ, ಲಯ ಬೇರೆ, ಜೋಡಿ ಕೂಡುವುದಿಲ್ಲ. ಆದ್ದರಿಂದ ವರ್ಷ ನೋಡಿ ಆರಿಸಿಕೊಳ್ಳಿ.

ಮೊದಲ ಜೋಡಿ

ಸದರ್ನ್ ಟೋನ್ಸ್ ಎಂಬ ಗಾಸ್ಪೆಲ್ ತಂಡದ ‘ಇಟ್ ಮಸ್ಟ್ ಬಿ ಜೀಸಸ್’ ಹಾಡನ್ನು ಹಾಕಿ. ಮೊದಲ ಸಲ ಮಾತಿನ ಕಡೆ ಗಮನ ಬೇಡ. ಎರಡನೆಯ ಸಲ ಬಾಯಿ ಮುಚ್ಚಿಕೊಂಡು ಮೂಗಿನಲ್ಲಿಯೇ ಧಾಟಿಯನ್ನು ಗುನುಗಿ. ಧಾಟಿ ನಾಲಿಗೆಗೆ ಹತ್ತಿತು ಎನ್ನಿಸಿದ ಮೇಲೆ, ಮಧ್ಯೆ ಮಾತಾಡದೆ, ಅಮೆರಿಕದ ಕಪ್ಪು ಗಾಯಕ, ಪಿಯಾನೊ ವಾದಕ ರೇ ಚಾರ್ಲ್ಸ್ ಹಾಡಿದ ‘ಐ ಗಾಟ್ ಎ ವುಮನ್’ ಹಾಕಿ, ಗುನುಗುವುದನ್ನು ನಿಲ್ಲಿಸದೆ ಮುಂದುವರಿಸಿ. ನಿಮ್ಮ ಗುನುಗು ಎಲ್ಲಿ ಹಾಡಿನೊಂದಿಗೆ ಕೂಡುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದಷ್ಟೇ ಈಗ ಗಮನಿಸಬೇಕಾದ ಸಂಗತಿ.

ನಡೆದದ್ದು ಇಷ್ಟು. 1954ರಲ್ಲಿ ರೇ ಚಾರ್ಲ್ಸ್ ತಮ್ಮ ವಾದ್ಯತಂಡದೊಂದಿಗೆ ಕಾರಿನಲ್ಲಿ ಊರಿಂದೂರಿಗೆ ತಿರುಗುತ್ತಿದ್ದಾಗ ರೇಡಿಯೊದಲ್ಲಿ ಈ ಗಾಸ್ಪೆಲ್ ಹಾಡು ಬಂತು. ಅವರೂ ತಂಡದ ತುತ್ತೂರಿ ವಾದಕ ರೆನಾಲ್ಡ್ ರಿಚರ್ಡ್ ಅವರೂ ಸೇರಿ ಅದೇ ಮಟ್ಟಿಗೆ ತಮ್ಮದೇ ಮಾತುಗಳನ್ನು ಹಾಕಿ ಹಾಡಲು ತೊಡಗಿದರು, ಅಲ್ಲಿಂದ ಹೊಸ ಹಾಡು ಹುಟ್ಟಿತು. ಅದೇ ವರ್ಷದ ನವೆಂಬರ್‌ನಲ್ಲಿ ಅಟ್ಲಾಂಟಾದ ಒಂದು ರೇಡಿಯೊ ಕೇಂದ್ರದ ಸ್ಟುಡಿಯೊದಲ್ಲಿ ಅಟ್ಲಾಂಟಿಕ್ ಎಂಬ ರೆಕಾರ್ಡ್ ಕಂಪನಿಗಾಗಿ ಅದನ್ನು ಮುದ್ರಿಸಿಕೊಂಡರು. 1955ರ ಆರಂಭದಲ್ಲಿ ಅದು ರಿದಮ್ ಅಂಡ್ ಬ್ಲೂಸ್ ಹಾಡುಗಳ ಜನಪ್ರಿಯತೆಯ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಕಳಚಿಡಬೇಕು. ‘ಸಾಂಪ್ರದಾಯಿಕ’ ಎಂದ ಕೂಡಲೇ ನೂರಾರು ವರ್ಷಗಳ ಪುರಾತನ ಪದವೊಂದನ್ನು ನಾವು ಊಹಿಸಿಕೊಳ್ಳುತ್ತೇವೆ, ಆದರೆ ರೇ ಚಾರ್ಲ್ಸ್ ಎತ್ತಿಕೊಂಡದ್ದು ಆ ವರ್ಷವೇ ರೇಡಿಯೊದಲ್ಲಿ ಓಡುತ್ತಿದ್ದ ಹೊಸ ಹಾಡನ್ನು. ಹಳೆಯದಾಗಿದ್ದುದು ಹಾಡುವ ಪದ್ಧತಿ.

ಈಗ ಒಂದು ಹಾಳೆಯ ನಡುವೆ ಗೆರೆ ಎಳೆದು, ಬದಲಾದದ್ದನ್ನು ಎಡಕ್ಕೂ ಉಳಿದದ್ದನ್ನು ಬಲಕ್ಕೂ ಬರೆಯಿರಿ. ಎಡಭಾಗ ಬೇಗ ಮುಗಿಯುತ್ತದೆ: ಯೇಸುವಿನ ಜಾಗಕ್ಕೆ ಹೆಣ್ಣು ಬಂದಳು, ಮಧ್ಯೆ ಟೆನರ್ ಸ್ಯಾಕ್ಸೊಫೋನ್ ಬಂತು, ವಾದ್ಯದ ಬಲ ಹೆಚ್ಚಿತು. ಬಲಭಾಗ ಬೆಳೆಯುತ್ತಲೇ ಹೋಗುತ್ತದೆ. ಧಾಟಿ ಉಳಿಯಿತು, ಸಾಲಿನ ಕೊನೆಗೆ ದನಿಯನ್ನು ಹರಿದು ಎಸೆಯುವ ರೀತಿ ಉಳಿಯಿತು, ಮಾತು ಸಾಲದಾದಾಗ ಹಾಕುವ ಕೇಕೆ ಉಳಿಯಿತು, ಕೊನೆಯಲ್ಲಿ ಒಂದೇ ತುಣುಕನ್ನು ಹಿಡಿದು ಜಗ್ಗುವ ಹಟವೂ ಉಳಿಯಿತು. ಯಾರನ್ನು ಕುರಿತು ಹಾಡುತ್ತಿದ್ದಾರೆ ಎಂಬುದೊಂದೇ ಬದಲಾಗಿ, ಹಾಡುವ ಮೈ ಹಾಗೆಯೇ ಉಳಿದ ಈ ಬಗೆಯೇ ನನ್ನ ಮಟ್ಟಿಗೆ ಈ ವಿಷಯದ ತಿರುಳು. ಮುಂದಿನ ಅಭ್ಯಾಸಗಳೆಲ್ಲ ಆ ಮೈಯನ್ನು ಒಂದೊಂದೇ ಅಂಗವಾಗಿ ಗುರುತಿಸುವುದಕ್ಕಾಗಿ ಇವೆ.

ಕೈ, ಸ್ವರ, ಹಿಮ್ಮೇಳ

ಮೊದಲು ಚಪ್ಪಾಳೆ. ನಮ್ಮ ಭಜನೆಯಲ್ಲಿ ಪೆಟ್ಟು ಬೀಳುವುದು ಸಮದ ಮೇಲೆ, ಅಂದರೆ ಒಂದರ ಮೇಲೆ. ಗಾಸ್ಪೆಲ್‌ನಲ್ಲಿ ನಾಲ್ಕು ಎಣಿಕೆಯಲ್ಲಿ ಎರಡು ಮತ್ತು ನಾಲ್ಕರ ಮೇಲೆ ಚಪ್ಪಾಳೆ ಬೀಳುತ್ತದೆ. ಹೇಳಲು ಸುಲಭ, ಮಾಡಲು ಕಷ್ಟ. ನಮ್ಮ ಮಂಡಳಿಯಲ್ಲಿ ಮೂವತ್ತು ವರ್ಷ ತಾಳ ಹಾಕಿದ ಹಿರಿಯರೊಬ್ಬರು ಎಷ್ಟು ಹೇಳಿದರೂ ಮತ್ತೆ ಮತ್ತೆ ಒಂದಕ್ಕೇ ಬಂದು ಬೀಳುತ್ತಿದ್ದರು. ಕೊನೆಗೆ ಅವರ ಕೈಯಿಂದ ತಾಳ ತೆಗೆದಿರಿಸಿ, ಒಂದು ಮತ್ತು ಮೂರಕ್ಕೆ ಬಲಗಾಲನ್ನು ನೆಲಕ್ಕೆ ಬಡಿಯಿರಿ, ಕಾಲು ಮೇಲೆದ್ದಾಗ ಕೈ ತಟ್ಟಿರಿ ಎಂದೆವು. ನಾಲ್ಕೈದು ಸುತ್ತಿನಲ್ಲಿ ಮೈ ತಾನಾಗಿಯೇ ತೂಗತೊಡಗಿತು. ಆ ತೂಗಾಟ ಬಂದ ಮೇಲೆ ‘ದಿಸ್ ಲಿಟಲ್ ಲೈಟ್ ಆಫ್ ಮೈನ್’ ಎಂಬ ಚರ್ಚಿನ ಹಾಡನ್ನೂ, ಅದನ್ನೇ ತಿರುಗಿಸಿ ರೇ ಚಾರ್ಲ್ಸ್ 1955ರಲ್ಲಿ ಹಾಡಿದ ‘ದಿಸ್ ಲಿಟಲ್ ಗರ್ಲ್ ಆಫ್ ಮೈನ್’ ಹಾಡನ್ನೂ ಒಂದರ ಹಿಂದೊಂದು ಹಾಕಿ. ಬೆಳಕು ಎನ್ನುವಲ್ಲಿ ಹುಡುಗಿ ಎಂದಾಯಿತು, ಅಷ್ಟೇ. ಕೈಗೆ ಆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ನಿಧಾನಗತಿಯ ಹಾಡುಗಳ ಲಯ ಬೇರೆ. ನಾಲ್ಕು ಪೆಟ್ಟು, ಪ್ರತಿ ಪೆಟ್ಟಿನೊಳಗೆ ಮೂರು ಮಾತ್ರೆ, ಒಟ್ಟು ಹನ್ನೆರಡು. ದಾದ್ರಾ ತಾಳದ ಎರಡು ಆವರ್ತನಗಳನ್ನು ಬಿಡದೆ ಜೋಡಿಸಿ ನಿಧಾನವಾಗಿ ನುಡಿಸಿದರೆ ಈ ಲೆಕ್ಕ ಸಿಗುತ್ತದೆ, ಢೋಲಕ್ಕಿನವರು ಅದನ್ನು ಬೇಗ ಹಿಡಿಯುತ್ತಾರೆ. ಇದಕ್ಕೆ ಒಳ್ಳೆಯ ಮಾದರಿ ಜೇಮ್ಸ್ ಬ್ರೌನ್ ಮತ್ತು ಫೇಮಸ್ ಫ್ಲೇಮ್ಸ್ ತಂಡ 1956ರಲ್ಲಿ ಹೊರತಂದ ‘ಪ್ಲೀಸ್, ಪ್ಲೀಸ್, ಪ್ಲೀಸ್’. ಜಾರ್ಜಿಯಾ ರಾಜ್ಯದ ಆ ತಂಡ ಮೊದಲು ಗಾಸ್ಪೆಲ್ ತಂಡವಾಗಿಯೇ ಹಾಡುತ್ತಿತ್ತು. ಹಾಡಿನಲ್ಲಿ ಇರುವುದು ಹೆಚ್ಚೂಕಡಿಮೆ ಒಂದೇ ಮಾತು, ಬೇಡಿಕೊಳ್ಳುವ ಮಾತು. ಬಿಟ್ಟುಹೋಗಬೇಡ ಎಂದು ಹೆಣ್ಣನ್ನು ಬೇಡುವ ಆ ದನಿಯನ್ನು ಭಾಷೆ ತಿಳಿಯದವರಿಗೆ ಕೇಳಿಸಿದರೆ ದೇವರ ಮುಂದೆ ಸೆರಗೊಡ್ಡಿದ್ದಾರೆ ಎಂದೇ ತಿಳಿದಾರು.

ಇನ್ನು ಸ್ವರ. ಹಾರ್ಮೋನಿಯಂನಲ್ಲಿ ಬಿಳಿ ಒಂದನ್ನು ಷಡ್ಜ ಮಾಡಿಕೊಂಡು ಮಧ್ಯಮ, ಧೈವತ, ಮೇಲಿನ ಷಡ್ಜ ಮೂರನ್ನೂ ಒಟ್ಟಿಗೆ ಒತ್ತಿ ಹಿಡಿಯಿರಿ. ನಂತರ ಅದನ್ನು ಬಿಟ್ಟು ಷಡ್ಜ, ಗಾಂಧಾರ, ಪಂಚಮಗಳನ್ನು ಒಟ್ಟಿಗೆ ಒತ್ತಿ. ಬಳ್ಳಾರಿ, ರಾಯಚೂರಿನ ಚರ್ಚುಗಳಲ್ಲಿ ಪಾಶ್ಚಾತ್ಯ ಮಟ್ಟಿನ ಕನ್ನಡ ಕೀರ್ತನೆಯ ಕೊನೆಗೆ ‘ಆಮೆನ್’ ಎಂದು ಎಳೆಯುವುದನ್ನು ಕೇಳಿದವರಿಗೆ ಇದು ಕೂಡಲೇ ಗುರುತು ಸಿಗುತ್ತದೆ. ಈ ಇಳಿತ ಗಾಸ್ಪೆಲ್‌ನ ಬೆನ್ನುಮೂಳೆ, ಮತ್ತು ರಿದಮ್ ಅಂಡ್ ಬ್ಲೂಸ್ ಹಾಡುಗಳಲ್ಲಿಯೂ ಸಾಲು ಸಾಲಿಗೆ ಅದು ತಲೆಹಾಕುತ್ತದೆ. ಆದರೆ ಕಂಠದ ಗಾಂಧಾರವನ್ನು ಹಾರ್ಮೋನಿಯಂನಲ್ಲಿ ಹುಡುಕಬೇಡಿ, ಅದು ಅಲ್ಲಿ ಸಿಗುವುದಿಲ್ಲ. ಕೋಮಲ ಮತ್ತು ಶುದ್ಧ ಗಾಂಧಾರಗಳ ನಡುವೆ ದನಿ ಜಾರುತ್ತಾ ನಿಲ್ಲುತ್ತದೆ. ಜೋಗ್ ರಾಗದಲ್ಲಿ ಎರಡೂ ಗಾಂಧಾರಗಳು ಬರುತ್ತವೆಯಾದರೂ ಅಲ್ಲಿ ಏರುವಾಗ ಒಂದು, ಇಳಿಯುವಾಗ ಒಂದು. ಇಲ್ಲಿ ಎರಡರ ಸಂದಿಯಲ್ಲಿಯೇ ಗಾಯಕರು ಮನೆ ಮಾಡಿಕೊಂಡಿದ್ದಾರೆ. ಪಿಟೀಲು ನುಡಿಸುವವರು ಜೊತೆಗಿದ್ದರೆ ಅವರಿಂದ ಆ ಜಾರುಸ್ವರವನ್ನು ತೆಗೆಸಿ ಕೇಳಿ.

ಹಿಮ್ಮೇಳದ ವಿಷಯದಲ್ಲಿ ನಮ್ಮವರಿಗೆ ಪಾಠ ಬೇಕಿಲ್ಲ. ಮುಂದಿನವರು ಎತ್ತಿಕೊಡುವುದು, ಹಿಂದಿನವರು ಹಿಡಿಯುವುದು, ಕೊನೆಗೆ ಪಲ್ಲವಿಯ ತುಣುಕೊಂದನ್ನು ದುಗುನಿಗೇರಿಸಿ ಮೈಮರೆಯುವವರೆಗೆ ಹಾಡುವುದು ಭಜನೆಯ ಜೀವವೇ ಆಗಿದೆ. ಚರ್ಚಿನಲ್ಲಿಯೂ ಹಾಗೆಯೇ. ರೇ ಚಾರ್ಲ್ಸ್ ಅವರ ‘ವಾಟ್ ಡ್ ಐ ಸೇ’ ಹುಟ್ಟಿದ ಬಗೆ ಇದಕ್ಕೆ ಸಾಕ್ಷಿ. 1958ರ ಡಿಸೆಂಬರ್‌ನ ಒಂದು ರಾತ್ರಿ ಕುಣಿತದ ಕಾರ್ಯಕ್ರಮದಲ್ಲಿ ಇದ್ದ ಹಾಡುಗಳೆಲ್ಲ ಮುಗಿದು ಇನ್ನೂ ಸಮಯ ಉಳಿದಿತ್ತು. ನಾನು ಹೇಳಿದಂತೆ ಹೇಳುತ್ತಾ ಬನ್ನಿ ಎಂದು ವಾದ್ಯದವರಿಗೂ ಹಿನ್ನೆಲೆಯ ಹುಡುಗಿಯರಿಗೂ ತಿಳಿಸಿ ರೇ ಚಾರ್ಲ್ಸ್ ಅಲ್ಲಿಯೇ ಕಟ್ಟುತ್ತಾ ಹೋದರು. 1959ರಲ್ಲಿ ಮುದ್ರಿಸಿದಾಗ ಅದು ಒಂದು ಬದಿಗೆ ಹಿಡಿಸದಷ್ಟು ಉದ್ದವಾಗಿದ್ದುದರಿಂದ ಎರಡು ಭಾಗ ಮಾಡಿ ಡಿಸ್ಕಿನ ಎರಡೂ ಬದಿಗೆ ಹಾಕಬೇಕಾಯಿತು. ಎರಡನೆಯ ಭಾಗದ ನರಳಾಟದಂಥ ಸವಾಲು-ಜವಾಬು ಕೇಳುವಾಗ ಸಭೆಯಲ್ಲಿ ಹಿರಿಯರಿದ್ದರೆ ದನಿಯನ್ನು ತುಸು ತಗ್ಗಿಸುವುದು ಒಳ್ಳೆಯದು. ಆ ನರಳಾಟದ ಕಾರಣಕ್ಕೆ ಅಮೆರಿಕದ ಕೆಲವು ರೇಡಿಯೊ ಕೇಂದ್ರಗಳೇ ಅದನ್ನು ಹಾಕಲು ಒಪ್ಪಿರಲಿಲ್ಲ.

ದಾರಿ ಎರಡೂ ಕಡೆಗೆ ಇತ್ತು

ಇಷ್ಟು ಕೇಳಿದ ಮೇಲೆ ಇತಿಹಾಸ ಹೇಳಿದರೆ ಯಾರೂ ಎದ್ದು ಹೋಗುವುದಿಲ್ಲ. ಚರ್ಚಿನಿಂದ ಬೀದಿಗೆ ಹಾಡು ಹೋಯಿತು ಎಂದಷ್ಟೇ ಹೇಳಿದರೆ ಅರ್ಧ ಸತ್ಯವಾಗುತ್ತದೆ, ಏಕೆಂದರೆ ಅದಕ್ಕೂ ಮೊದಲು ಬೀದಿಯಿಂದ ಚರ್ಚಿಗೆ ಹೋದದ್ದಿದೆ. ಆಧುನಿಕ ಗಾಸ್ಪೆಲ್‌ನ ಪಿತಾಮಹ ಎನಿಸಿದ ಥಾಮಸ್ ಡಾರ್ಸಿ 1920ರ ದಶಕದಲ್ಲಿ ‘ಜಾರ್ಜಿಯಾ ಟಾಮ್’ ಎಂಬ ಹೆಸರಿನಲ್ಲಿ ಬ್ಲೂಸ್ ಎಂಬ ಕಪ್ಪು ಜನರ ಲೌಕಿಕ ಹಾಡುಗಳ ಪಿಯಾನೊ ವಾದಕರಾಗಿದ್ದರು; ಬ್ಲೂಸ್ ಗಾಯಕಿ ಮಾ ರೇನಿ ಅವರಿಗೆ ಸಾಥ್ ನೀಡುತ್ತಿದ್ದರು; 1928ರಲ್ಲಿ ಗಿಟಾರ್ ವಾದಕ ಟ್ಯಾಂಪಾ ರೆಡ್ ಜೊತೆ ಸೇರಿ ತುಂಟತನದ ಹಾಡೊಂದನ್ನು ಮುದ್ರಿಸಿ ಹೆಸರು ಮಾಡಿದ್ದರು. 1932ರಲ್ಲಿ ಹೆರಿಗೆಯ ಸಮಯದಲ್ಲಿ ಹೆಂಡತಿಯೂ ಹುಟ್ಟಿದ ಮಗುವೂ ತೀರಿಕೊಂಡ ದುಃಖದಲ್ಲಿ ಅವರು ‘ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್’ ಬರೆದರು. ಬ್ಲೂಸ್‌ನ ಜಾರುಸ್ವರವೂ ಲಯವೂ ಅವರ ಕೈ ಹಿಡಿದೇ ಶಿಕಾಗೊದ ಚರ್ಚುಗಳ ಒಳಗೆ ಬಂದವು. ಆರಂಭದಲ್ಲಿ ಎಷ್ಟೋ ಚರ್ಚುಗಳು ಅವರನ್ನು ಬಾಗಿಲಲ್ಲಿಯೇ ನಿಲ್ಲಿಸಿದವು. ಹಾಗೆಯೇ ಗಾಸ್ಪೆಲ್ ಗಾಯಕಿ ಸಿಸ್ಟರ್ ರೊಸೆಟ್ಟಾ ಥಾರ್ಪ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು 1944ರಲ್ಲಿ ಮುದ್ರಿಸಿದ ‘ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ’ ಎಂಬ ದೇವರ ಹಾಡು ಮರುವರ್ಷ ಲೌಕಿಕ ಹಾಡುಗಳ ನಡುವೆಯೇ ಜನಪ್ರಿಯ ಪಟ್ಟಿಯನ್ನು ಸೇರಿತು. ಅವರೂ ಹಾಡುತ್ತಿದ್ದ ‘ದಿಸ್ ಟ್ರೇನ್’ ಎಂಬ ಹಳೆಯ ಗಾಸ್ಪೆಲ್ ಹಾಡಿನ ಮಟ್ಟಿಗೆ ಬ್ಲೂಸ್ ಹಾಡುಗಳ ರಚನಕಾರ ವಿಲ್ಲಿ ಡಿಕ್ಸನ್ ಹೊಸ ಮಾತು ಬರೆದು, 1955ರಲ್ಲಿ ಬ್ಲೂಸ್ ಗಾಯಕ ಲಿಟಲ್ ವಾಲ್ಟರ್ ‘ಮೈ ಬೇಬ್’ ಎಂದು ಹಾಡಿದಾಗ ಅದು ಮೊದಲ ಸ್ಥಾನಕ್ಕೆ ಹೋಯಿತು. ಈ ಜೋಡಿಯನ್ನೂ ಹಾಳೆಯಲ್ಲಿ ಸೇರಿಸಿಕೊಳ್ಳಿ.

ಹೆಸರಿನ ವಿಷಯ ಒಂದೇ ಮಾತಿನಲ್ಲಿ ಮುಗಿಸಬಹುದು. ಕಪ್ಪು ಜನರ ರೆಕಾರ್ಡುಗಳನ್ನು ಅಲ್ಲಿಯವರೆಗೆ ‘ರೇಸ್ ರೆಕಾರ್ಡ್ಸ್’ ಎಂದು ಜಾತಿ ಹಿಡಿದು ಕರೆಯುತ್ತಿದ್ದ ಬಿಲ್‌ಬೋರ್ಡ್ ಪತ್ರಿಕೆ 1949ರಲ್ಲಿ ‘ರಿದಮ್ ಅಂಡ್ ಬ್ಲೂಸ್’ ಎಂಬ ಹೆಸರನ್ನು ಬಳಕೆಗೆ ತಂದಿತು; ಅದನ್ನು ಸೂಚಿಸಿದ ವರದಿಗಾರ ಜೆರ್ರಿ ವೆಕ್ಸ್ಲರ್ ಮುಂದೆ ಅಟ್ಲಾಂಟಿಕ್ ಕಂಪನಿಯ ಪಾಲುದಾರರಾಗಿ ರೇ ಚಾರ್ಲ್ಸ್ ಅವರ ಹಾಡುಗಳನ್ನೇ ಹೊರತಂದರು.

ಚರ್ಚು ಬಿಟ್ಟು ಬಂದವರ ಕಥೆಯಲ್ಲಿ ಸ್ಯಾಮ್ ಕುಕ್ ಅವರದನ್ನು ಬಿಡಲಾಗದು. ಸೋಲ್ ಸ್ಟಿರರ್ಸ್ ಎಂಬ ಹೆಸರಾಂತ ಗಾಸ್ಪೆಲ್ ತಂಡದ ಮುಖ್ಯ ಗಾಯಕರಾಗಿದ್ದ ಅವರು ‘ವಂಡರ್‌ಫುಲ್’ ಎಂಬ ತಮ್ಮ ತಂಡದ ದೇವರ ಹಾಡನ್ನು ‘ಲವಬಲ್’ ಎಂದು ಮಾರ್ಪಡಿಸಿ ಹಾಡಿದರು. ಚರ್ಚಿನ ಜನ ಬೇಸರಿಸಿಯಾರು ಎಂಬ ಅಳುಕಿನಿಂದ 1956ರಲ್ಲಿ ಅದು ‘ಡೇಲ್ ಕುಕ್’ ಎಂಬ ಸುಳ್ಳು ಹೆಸರಿನಲ್ಲಿ ಹೊರಬಂತು. ಆದರೆ ದನಿಗೆ ಮುಸುಕು ಹಾಕಲಾದೀತೆ? ಕೇಳಿದವರೆಲ್ಲ ಗುರುತು ಹಿಡಿದರು. ಮರುವರ್ಷ ಸ್ವಂತ ಹೆಸರಿನಲ್ಲಿ ಬಂದ ‘ಯು ಸೆಂಡ್ ಮಿ’ ಕಪ್ಪು ಬಿಳಿ ಎನ್ನದೆ ಎರಡೂ ಪಟ್ಟಿಗಳಲ್ಲಿ ಮೊದಲ ಸ್ಥಾನ ಪಡೆಯಿತು. ಈ ಮೂರನ್ನೂ ಕ್ರಮವಾಗಿ ಕೇಳುವಾಗ, ಒಂದು ಅಕ್ಷರವನ್ನು ಐದಾರು ಸ್ವರಗಳ ಮೇಲೆ ಹರಿಸಿ ತೇಲಿಸುವ ಅವರ ಪಲುಕು ಮೂರರಲ್ಲಿಯೂ ಹೇಗೆ ಬರುತ್ತದೆ ಎಂಬುದನ್ನು ಬೆರಳಿನಿಂದ ಗಾಳಿಯಲ್ಲಿ ಬರೆದು ನೋಡಿ.

‘ಸ್ಟ್ಯಾಂಡ್ ಬೈ ಮಿ’ ಹಾಡಿಗೆ ಒಂದು ಸಂಜೆಯನ್ನೇ ಮೀಸಲಿಡಬಹುದು. 1905ರಲ್ಲಿ ಫಿಲಡೆಲ್ಫಿಯಾದ ಮೆಥಡಿಸ್ಟ್ ಬೋಧಕ ಚಾರ್ಲ್ಸ್ ಟಿಂಡ್ಲಿ ಇದೇ ಹೆಸರಿನ ಕೀರ್ತನೆಯನ್ನು ಬರೆದರು. ಮುಂದೆ ಸ್ಯಾಮ್ ಕುಕ್ ಮತ್ತು ಜೆ. ಡಬ್ಲ್ಯು. ಅಲೆಕ್ಸಾಂಡರ್ ಸೇರಿ ಸೋಲ್ ಸ್ಟಿರರ್ಸ್ ತಂಡಕ್ಕಾಗಿ ‘ಸ್ಟ್ಯಾಂಡ್ ಬೈ ಮಿ ಫಾದರ್’ ಕಟ್ಟಿದರು. ಅದರಿಂದ ಪ್ರೇರಣೆ ಪಡೆದು ಬೆನ್ ಇ. ಕಿಂಗ್ ಬರೆದು ಹಾಡಿದ ಹಾಡು 1961ರಲ್ಲಿ ಜಗತ್ತನ್ನೇ ಸುತ್ತಿತು. ಇದನ್ನು ಕೇಳುವ ಮೊದಲು ಕನ್ನಡ ಬೈಬಲ್ಲಿನ ಕೀರ್ತನೆಗಳ ಪುಸ್ತಕದ 46ನೆಯ ಅಧ್ಯಾಯವನ್ನು ತೆರೆದಿಟ್ಟುಕೊಳ್ಳಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಲಂಡನ್ ಮಿಷನ್‌ನ ಇತರರು ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸ ಮಾಡಿದ್ದು ಬಳ್ಳಾರಿಯಲ್ಲಿಯೇ ಎಂಬುದನ್ನು ಇಲ್ಲಿ ನೆನೆಯದಿರಲಾಗದು. ಆ ಅಧ್ಯಾಯದ ಮೊದಲ ವಚನಗಳಲ್ಲಿ ಭೂಮಿ ಕದಲಿದರೂ ಬೆಟ್ಟಗಳು ಸಮುದ್ರದೊಳಗೆ ಬಿದ್ದರೂ ಅಂಜುವುದಿಲ್ಲ ಎಂಬ ಮಾತಿದೆ. ಬೆನ್ ಇ. ಕಿಂಗ್ ಅವರ ಎರಡನೆಯ ನುಡಿಯಲ್ಲಿ ಅದೇ ಬೆಟ್ಟ, ಅದೇ ಸಮುದ್ರ ಬರುತ್ತವೆ. ಜೊತೆಗೆ ನಿಲ್ಲಬೇಕಾದವರು ಮಾತ್ರ ದೇವರಲ್ಲ, ನಲ್ಲೆ. ನಮ್ಮ ಸಭೆಯಲ್ಲಿ ವಚನ ಓದಿ ಮುಗಿಸಿ ಹಾಡು ಹಾಕಿದಾಗ, ಮೊದಲು ಕೇಳುವ ಆ ಬಾಸ್‌ನ ನಡಿಗೆಗೇ ಎಲ್ಲರೂ ಸುಮ್ಮನಾಗಿಬಿಟ್ಟರು.

ಇಂಥ ಪಲ್ಲಟಕ್ಕೆ ವಿರೋಧ ಇರಲಿಲ್ಲವೆಂದಲ್ಲ. ಬ್ಲೂಸ್ ಗಾಯಕ ಬಿಗ್ ಬಿಲ್ ಬ್ರೂಂಜಿ ಸ್ವತಃ ಲೌಕಿಕ ಹಾಡಿನವರಾದರೂ, ರೇ ಚಾರ್ಲ್ಸ್ ದೇವರ ಹಾಡನ್ನೂ ಬ್ಲೂಸನ್ನೂ ಬೆರೆಸುತ್ತಿರುವುದು ತಪ್ಪು, ಅಂಥ ದನಿ ಚರ್ಚಿನಲ್ಲಿ ಹಾಡಬೇಕಾದದ್ದು ಎಂದು ಆಕ್ಷೇಪಿಸಿದ್ದರು. ಕನ್ನಡದವರಿಗೆ ಈ ಜಗಳ ಬೇರೊಂದು ಕಡೆಯಿಂದ ಅರ್ಥವಾಗುತ್ತದೆ. ‘ಶರಣ ಸತಿ, ಲಿಂಗ ಪತಿ’ ಎಂಬ ಭಾವದಲ್ಲಿ, ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ಗಂಡನೆಂದು ಕರೆದ ವಚನಗಳಲ್ಲಿ, ಗಂಡುಹೆಣ್ಣಿನ ಪ್ರೀತಿಯ ಮಾತು ದೇವರ ಕಡೆಗೆ ಹೋಗಿದೆ. ಅಮೆರಿಕದಲ್ಲಿ ದೇವರಿಗಾಗಿ ಕಟ್ಟಿದ ಮಾತು ಗಂಡುಹೆಣ್ಣಿನ ಕಡೆಗೆ ಬಂತು. ನಮಗೆ ಒಪ್ಪಿತವಾದದ್ದು ಅವರಿಗೆ ಅಪಚಾರವಾಗಿ ಕಂಡದ್ದೇಕೆ ಎಂದು ನಮ್ಮ ಮಂಡಳಿಯಲ್ಲಿ ಒಂದು ರಾತ್ರಿ ಹನ್ನೊಂದರವರೆಗೆ ಚರ್ಚೆಯಾಯಿತು. ದೇವರ ಕಡೆ ಒಯ್ದರೆ ಏರಿಕೆ, ಅಲ್ಲಿಂದ ತಂದರೆ ಇಳಿಕೆ ಎಂಬ ಲೆಕ್ಕವೇ ಇದಕ್ಕೆ ಕಾರಣವೆಂದು ನನಗೆ ತೋರುತ್ತದೆ, ಒಪ್ಪದವರೂ ಇದ್ದರು.

ಸ್ವತಃ ಮಾಡಿ ನೋಡುವುದು

ಕೇಳಿದ್ದು ಸಾಕಾದ ಮೇಲೆ ಕೈಯಾರೆ ಮಾಡಿ. ನಿಮಗೆ ಬಾಯಿಪಾಠವಾಗಿರುವ ಒಂದು ಭಜನೆಯನ್ನು ಆರಿಸಿಕೊಂಡು, ದೇವರ ಹೆಸರಿರುವ ಕಡೆ ಮಾತ್ರ ಬೇರೆ ಹೆಸರಿಡಿ, ಅಥವಾ ಊರಿನ ಹೊಳೆಯನ್ನೋ ಎತ್ತನ್ನೋ ಕೂರಿಸಿ. ಉಳಿದ ಒಂದು ಅಕ್ಷರವನ್ನೂ ಮುಟ್ಟಬೇಡಿ. ನಾವು ತುಂಗಭದ್ರೆಯನ್ನು ಕೂರಿಸಿದೆವು. ಹಾಡಿದಾಗ ಗೊತ್ತಾದದ್ದು: ಹೆಸರು ಬದಲಾದರೂ ‘ಕಾಯೋ’, ‘ಸಲಹೋ’ ಎಂಬ ಕ್ರಿಯಾಪದಗಳು ಹಾಗೆಯೇ ಉಳಿದು, ಬೇಸಿಗೆಯಲ್ಲಿ ಬತ್ತಿದ ಹೊಳೆಗೆ ಮೊರೆಯಿಡುವ ಹಾಡಾಯಿತು. ಮಾತಿನ ಎಷ್ಟು ಕಡಿಮೆ ಭಾಗವನ್ನು ಬದಲಿಸಿದರೆ ಹಾಡಿನ ಅರ್ಥ ಎಷ್ಟು ದೂರ ಸರಿಯುತ್ತದೆ ಎಂಬುದು ರೇ ಚಾರ್ಲ್ಸ್ ಅವರಿಗೆ ಕಾರಿನಲ್ಲಿ ಹೊಳೆದಂತೆ ನಮಗೆ ಮಾಳಿಗೆಯ ಮೇಲೆ ಹೊಳೆಯಿತು. ಇದು ಮನೆಯೊಳಗಿನ ಅಭ್ಯಾಸ. ಗುಡಿಯಲ್ಲಿ ಹಾಡಿ ನನ್ನ ಹೆಸರು ಹೇಳಬೇಡಿ.

ಕೊನೆಯ ಸಂಜೆಗೆ ಅರೀತಾ ಫ್ರಾಂಕ್ಲಿನ್ ಅವರನ್ನು ಇಟ್ಟುಕೊಳ್ಳಿ. ಡೆಟ್ರಾಯಿಟ್‌ನ ಬೋಧಕರ ಮಗಳಾಗಿ ತಂದೆಯ ಚರ್ಚಿನಲ್ಲಿಯೇ ಹಾಡಿ ಬೆಳೆದ ಅವರು 1967ರಲ್ಲಿ ‘ರೆಸ್ಪೆಕ್ಟ್’ ಹಾಡಿನಿಂದ ದೇಶಕ್ಕೆಲ್ಲ ಪರಿಚಿತರಾಗಿ, 1972ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಒಂದು ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಜೇಮ್ಸ್ ಕ್ಲೀವ್‌ಲ್ಯಾಂಡ್ ಅವರ ಗಾಯಕವೃಂದದೊಂದಿಗೆ ಎರಡು ರಾತ್ರಿ ಹಾಡಿದರು. ‘ಅಮೇಜಿಂಗ್ ಗ್ರೇಸ್’ ಎಂಬ ಆ ಧ್ವನಿಮುದ್ರಿಕೆಯಲ್ಲಿ ಒಂದು ಜೋಡಿಹಾಡಿದೆ: ಡಾರ್ಸಿ 1932ರಲ್ಲಿ ಬರೆದ ‘ಪ್ರೆಷಸ್ ಲಾರ್ಡ್’ ಮತ್ತು 1971ರಲ್ಲಿ ರೇಡಿಯೊದಲ್ಲಿ ಓಡಿದ್ದ ಕ್ಯಾರೊಲ್ ಕಿಂಗ್ ಅವರ ‘ಯು ಹ್ಯಾವ್ ಗಾಟ್ ಎ ಫ್ರೆಂಡ್’ ಎರಡನ್ನೂ ಒಂದರೊಳಗೊಂದು ಹೆಣೆದಿದ್ದಾರೆ, ಗೆಳೆಯ ಎಂಬ ಆ ಲೌಕಿಕ ಮಾತು ಅಲ್ಲಿ ಯೇಸುವನ್ನು ಕುರಿತದ್ದಾಗುತ್ತದೆ. ಎಲ್ಲರೂ ಕಣ್ಣು ಮುಚ್ಚಿ ಕೂತು, ಒಂದು ಹಾಡು ಇನ್ನೊಂದಕ್ಕೆ ದಾಟಿತು ಎನ್ನಿಸಿದ ಕ್ಷಣ ಕೈಯೆತ್ತಲಿ. ನಮ್ಮಲ್ಲಿ ಏಳು ಜನರ ಕೈಗಳು ಏಳು ಬೇರೆ ಬೇರೆ ಗಳಿಗೆಯಲ್ಲಿ ಮೇಲೆದ್ದವು.